ಎರಡನೇ ಮಾತ್ರೆ

ಮಾರ್ಚ್ 5, 2001. ಬೆಳಗ್ಗೆ 8
ಬಿಳಿ ಮಾತ್ರೆ ನುಂಗಿದೆ; ಮುಟ್ಟು ನಿಂತ ಮೇಲಿನ ಮೈಯುರಿಗೆ ಡಾಕ್ಟರಮ್ಮ ಡಿಸೆಂಬರಿನಲ್ಲಿ ಶುರುಮಾಡಿಸಿದ ಹಾರ್ಮೋನು. ಸ್ಕೂಲಿಗೆ ಲೇಟು. ಮೈಯ ಬೆಂಕಿಯೇನೋ ಆರಿದೆ, ರಾತ್ರಿ ನಿದ್ದೆಯೂ ಬರುತ್ತಿದೆ. ಆದರೆ ತಿಂಗಳಿಗೆ ಹನ್ನೆರಡು ದಿನ ಎರಡನೇ ಮಾತ್ರೆ, ಪ್ರೊಜೆಸ್ಟಿನ್. ಎದೆನೋವು, ಹೊಟ್ಟೆಯುಬ್ಬರ, ಸುಮ್ಮಸುಮ್ಮನೆ ಅಳು. ಅದು ಮುಗಿದರೆ ಮುಟ್ಟು! ಐವತ್ತೊಂದಕ್ಕೆ!

ಅತ್ತೆ ಸೋಮಮ್ಮ ಹೋದ ದೀಪಾವಳಿಗಷ್ಟೇ ದೇವರಮನೆ ಒಪ್ಪಿಸಿದ್ದರು. "ನಿಂಗೂ ನಿಂತೋಯ್ತಲ್ಲ, ಇನ್ ದೇವ್ರ ಕೆಲ್ಸ ನಿಂದೇ ಕಣಮ್ಮ." ಇಪ್ಪತ್ತೆಂಟು ವರ್ಷ ಕಾದಿದ್ದೆ. ಈಗ ಏನಂತ ಹೇಳಲಿ?

ಮಾರ್ಚ್ 19
ಡಾಕ್ಟರಮ್ಮನನ್ನು ಕೇಳಿದೆ, ಎರಡನೆಯದು ಬಿಡಲೇ ಅಂತ.

"ಗರ್ಭಕೋಶ ಇರೋವರ್ಗೂ ಆಗಲ್ಲ ಕಣ್ರೀ. ಬಿಳೀದು ಒಳಪದರ ಬೆಳೆಸುತ್ತೆ, ಇದು ತಡೆಯುತ್ತೆ. ಬಿಟ್ರೆ ಕ್ಯಾನ್ಸರ್ ಭಯ."

ಈ ಎರಡನೆಯದರಲ್ಲೇ ಬೇರೆ ಬಗೆಯವೂ ಇವೆಯಂತೆ. ಒಂದಕ್ಕೆ ಮೊಡವೆ, ಸಿಡುಕು. ನ್ಯಾಚುರಲ್ ಕ್ಯಾಪ್ಸೂಲ್ ಮನಸ್ಸಿಗೆ ಹಗುರ, ತೂಕಡಿಕೆ ಮಾತ್ರ. ದಿನಾ ಸ್ವಲ್ಪ ಸ್ವಲ್ಪ ತಗೊಂಡರೆ ಮುಟ್ಟು ನಿಲ್ಲಬಹುದು, ಆದರೆ ಮೊದಲ ಆರು ತಿಂಗಳು ಯಾವಾಗ ಕಾಣಿಸುತ್ತೋ ಗೊತ್ತಿಲ್ಲ. ದೇವರಮನೆಯಲ್ಲೇ ಕಾಣಿಸಿದರೆ? ಬೇಡಪ್ಪಾ. ಹನ್ನೆರಡು ದಿನದ ಕ್ಯಾಪ್ಸೂಲೇ ಬರೆಸಿಕೊಂಡೆ.

ಏಪ್ರಿಲ್ 17
ಅಳು ಹೋಯಿತು. ಮುಟ್ಟು ಹೋಗಲಿಲ್ಲ. ಮಂಡಿನೋವು ಅಂತ ಸುಳ್ಳು ಹೇಳಿ ನಾಲ್ಕು ದಿನ ದೇವರಮನೆ ಹೊಸ್ತಿಲು ದಾಟಲಿಲ್ಲ. ಪಾಪ, ಅತ್ತೆ ಕೂತು ಎಣ್ಣೆ ತಿಕ್ಕಿದರು. ನಾಚಿಕೆಯಿಂದ ಸತ್ತೆ.

ಮೇ 2
ಕ್ಯಾಪ್ಸೂಲ್ ಬಿಟ್ಟೆ, ಬಿಳಿಯದನ್ನು ಬಿಡಲಿಲ್ಲ. ಆಷಾಢದ ಬೆಟ್ಟದ ಪೂಜೆ ಮುಗಿಯುವವರೆಗೆ ಅಷ್ಟೇ... ಮಕ್ಕಳಿಗೆ ಸೈನ್ಸ್ ಹೇಳುವವಳು ನಾನು. ಥೂ.

ಜುಲೈ 13, ಶುಕ್ರವಾರ
ಆಷಾಢ ಶುಕ್ರವಾರ ಅಂತ ತಾಯಿಯ ಬೆಟ್ಟದ ಮೆಟ್ಟಿಲು ಹತ್ತಿದೆ. ಅತ್ತೆ ಬಸ್ಸಿನಲ್ಲಿ ಬಂದರು. "ಇವ್ಳ್ ಮಂಡಿ ತಾಯೇ ವಾಸಿ ಮಾಡ್ಬುಟ್ಲು" ಅಂತ ಎಲ್ಲರಿಗೂ ಸಾರಿದರು.

ಆಗಸ್ಟ್ 9
ಹತ್ತು ದಿನದಿಂದ ರಕ್ತ. ನಿಲ್ಲುತ್ತಿಲ್ಲ. ಸ್ಕ್ಯಾನಿಂಗ್ ಆಯಿತು. ಪದರ ಹದಿನಾರು ಮಿಲಿಮೀಟರ್ — ಐದರ ಆಸುಪಾಸು ಇರಬೇಕಿತ್ತಂತೆ. ನಾಳೆ ಕೆರೆದು ಪರೀಕ್ಷೆಗೆ ಕಳಿಸುತ್ತಾರೆ.

"ದೇವ್ರಿಗೆ ಹೆದ್ರಿ ಮಾತ್ರೆ ಬಿಟ್ರಾ?" ಡಾಕ್ಟರಮ್ಮ ರೇಗಿದರು.

"ದೇವ್ರಿಗಲ್ಲ ಮೇಡಂ, ಅತ್ತೆಗೆ."

ಸಂಜೆ ಇವರಿಗೆ ಎಲ್ಲ ಹೇಳಿದೆ. ಮೊದಲು ಬಾಯಿಂದ ಬಂದದ್ದು — "ಅವ್ವುಂಗೆ ಏನಂತ ಏಳೋದು?" ನಾನು ಸತ್ತರೂ ಇದನ್ನೇ ಕೇಳುತ್ತಾರೆ ಈ ಮಹಾರಾಯರು.

ಆಗಸ್ಟ್ 10, ಶುಕ್ರವಾರ. ಬೆಳಗ್ಗೆ 7
ಹತ್ತಕ್ಕೆ ಆಸ್ಪತ್ರೆ. ಶ್ರಾವಣದ ಪೂಜೆಗೆ ಅತ್ತೆ ಕರೆದರು. ಆಗಲ್ಲ ಅಂದೆ. ಯಾಕೆ ಅಂದರು. ಮತ್ತೆ ಅದನ್ನೇ ಕೇಳಿದರು. ಇವರು ಪೇಪರಿನಿಂದ ತಲೆ ಎತ್ತಲಿಲ್ಲ.

ಕೋಣೆಗೆ ಬಂದು ಬರೆಯುತ್ತಿದ್ದೇನೆ. ಅತ್ತೆ ಬಾಗಿಲಾಚೆಯೇ ನಿಂತಿದ್ದಾರೆ, ನೆರಳು ಕಾಣುತ್ತಿದೆ. ಸುಳ್ಳು ಯಾವುದೂ ಹೊಳೆಯುತ್ತಿಲ್ಲ. ಹೇಳಿಬಿಡುತ್ತೇನೆ. ಅತ್ತೆ, ನಾನು ಹೋದ ಡಿಸೆಂಬರಿನಿಂದಲೂ ಮಾತ್ರೆ ತಗೊಳ್ತಿದೀನಿ, ಅದಕ್ಕೇ ಮತ್ತೆ ಮುಟ್ಟು...