ಹತ್ತುವ ಮೊದಲೇ ಇಳಿದ ಅಜ್ಜಿಗೆ

ಅಖಿಲ ಆಲಂಡ್ ದ್ವೀಪಸಮೂಹದ ಸಾಮ್ರಾಜ್ಞಿ, ಏಲಕ್ಕಿ ಪ್ಯಾನ್‌ಕೇಕಿನ ಪರಮಾಚಾರ್ಯೆ, ಗಡಿಯಾರಗಳ ಗರ್ವಭಂಗ ಮಾಡಿದ ಗಗನವಿಹಾರಿಣಿ ಶ್ರೀಮತಿ ಗುನ್ವೋರ್ ಅಜ್ಜಿಯವರ ದಿವ್ಯ ಸನ್ನಿಧಾನಕ್ಕೆ, ಮರಿಯೆಹಾಮ್ನ್ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಮೊಮ್ಮಗ ಮಾಲ್ಟೆಯ ಸಾಷ್ಟಾಂಗ ನಮಸ್ಕಾರಗಳು.

ಎಪ್ಪತ್ತೊಂಬತ್ತು ವರ್ಷ ತಾವು ಸ್ವೀಡನ್ನಿಗೆ ಹೋದದ್ದೆಲ್ಲ ಹಡಗಿನಲ್ಲೇ. ಹಾಗಿರುವಾಗ ಮಂಗಳವಾರ ಆ ಫೋನು ಬಂತು. ಸ್ಟಾಕ್‌ಹೋಮಿನ ಆಸ್ಪತ್ರೆಯಲ್ಲಿ ತಮ್ಮ ತಂಗಿ ಸ್ವೇಯಾಗೆ ಮರುದಿನ ಬೆಳಿಗ್ಗೆ ಹತ್ತೂವರೆಗೆ ಹೃದಯದ ಆಪರೇಷನ್. ತಾಯಿಯ ದೋಣಿಯನ್ನು ಹೇಳದೆ ಕೇಳದೆ ಮಾರಿದಳೆಂದು ತಾವು ಆಕೆಯೊಡನೆ ಮಾತು ಬಿಟ್ಟು ಹನ್ನೊಂದು ವರ್ಷ. ಬೆಳಗಿನ ಹಡಗು ಹತ್ತಿದರೆ ಮುಟ್ಟುವುದು ಮಧ್ಯಾಹ್ನ.

"ಆಮೇಲೆ ಮಾತಾಡೋಣ ಅಂದ್ರೆ ಅವಳಿರಬೇಕಲ್ಲೋ," ಎಂದಿರಿ. ವಿಮಾನದ ಹೆಸರೆತ್ತಿದರೆ, "ನೀರಿಗೆ ಬಿದ್ರೆ ಈಜ್ತೀನಿ. ಗಾಳೀಲಿ ಬಿದ್ರೆ ಏನ್ ಮಾಡ್ಲಿ?"

ಆಗ ನಾನು ಗುರುಪೀಠವೇರಿದೆ. "ದೂರ ನೂರಿಪ್ಪತ್ತು ಚಿಲ್ಲರೆ ಕಿಲೋಮೀಟರ್. ಹಾರೋದು ಮೂವತ್ತೈದು ನಿಮಿಷ. ಅವರ ಗಡಿಯಾರ ನಮಗಿಂತ ಒಂದು ಗಂಟೆ ಹಿಂದೆ. ನಮ್ಮ ಒಂಬತ್ತೂವರೆಗೆ ಹತ್ತಿದ್ರೆ ಅವರ ಒಂಬತ್ತೂ ಐದಕ್ಕೆ ಇಳೀತೀಯ. ಹತ್ತೋಕ್ ಮುಂಚೆನೇ ಇಳಿದೋಳಿಗೆ ಹೆದರೋಕೆ ಪುರುಸೊತ್ತೆಲ್ಲಿದೆ ಅಜ್ಜಿ?"

"ಲೆಕ್ಕ ಕಲ್ತ ಕತ್ತೆ," ಎಂದು ಬೈದಿರಿ. ಆದರೂ ಬೆಳಿಗ್ಗೆ ಚರ್ಚಿನ ಕೋಟು ತೊಟ್ಟು ಬಂದಿರಿ. ಮೆಟ್ಟಿಲು ಹತ್ತಿದಿರಿ, ಒಮ್ಮೆಯೂ ಹಿಂದೆ ನೋಡಲಿಲ್ಲ.

ಮುಂದಿನದನ್ನು ತಾವೇ ಫೋನಿನಲ್ಲಿ ಹೇಳಿದಿರಿ. ಸ್ವೀಡನ್ನಿನವರ ಮುಲಾಜಿಗೆ ನಮ್ಮ ದ್ವೀಪದ ಗಡಿಯಾರದ ಮುಳ್ಳನ್ನು ತಿರುಗಿಸಬಾರದೆಂಬುದು ತಮ್ಮ ಜೀವಮಾನದ ವ್ರತ. ಹಡಗಿನಲ್ಲಾದರೆ ಮನಸ್ಸಿನಲ್ಲೇ ಒಂದು ಗಂಟೆ ಕಳೆದು ಲೆಕ್ಕ ಹಾಕುತ್ತಿದ್ದಿರಿ. ಅಂದು ಹೆದರಿಕೆಯಲ್ಲಿ ಆ ಲೆಕ್ಕ ಮರೆತಿರಿ. ಟ್ಯಾಕ್ಸಿ ಇನ್ನೂ ಅರ್ಧ ದಾರಿಯಲ್ಲಿರುವಾಗ ಕೈಗಡಿಯಾರ ಹತ್ತೂವರೆ ತೋರಿಸಿತು. "ನಿಧಾನಕ್ಕೆ ಹೋಗಪ್ಪ, ಒಳಗೆ ಕರ್ಕೊಂಡು ಹೋಗಿರ್ತಾರೆ," ಎಂದು ಕಣ್ಣೊರೆಸಿಕೊಂಡಿರಿ.

ಅಲ್ಲಿಂದಲೇ ಹಿಂತಿರುಗಬಹುದಿತ್ತು. ಬಾಗಿಲ ಹೊರಗಾದರೂ ಕೂತಿರುತ್ತೇನೆಂದು ಹೋದಿರಿ. ತಮ್ಮ ಕೈಗಡಿಯಾರದಲ್ಲಿ ಹನ್ನೊಂದೂ ಐದು. ಸ್ವೇಯಾ ಆಸ್ಪತ್ರೆಯ ನಿಲುವಂಗಿ ತೊಟ್ಟು ಮಂಚದ ಮೇಲೆ ಕಾಲು ಆಡಿಸುತ್ತ ಕೂತಿದ್ದರು.

"ಮುಗೀತಾ?"

"ಇನ್ನೂ ಕರೆದೇ ಇಲ್ಲ, ಈಗ ಹತ್ತೂ ಐದು. ಆ ಗಡಿಯಾರದ ಮೇಲೂ ನಿನ್ ಹಟನಾ ಅಕ್ಕ?"

ದಾದಿ ಬರುವವರೆಗೆ ಇಪ್ಪತ್ತು ನಿಮಿಷ ಸಿಕ್ಕಿತು. ಏನು ಮಾತಾಡಿದಿರೆಂದು ಕೇಳಿದರೆ, "ಆ ದೋಣಿ ಸೋರ್ತಿತ್ತಂತೆ ಕಣೋ," ಎಂದಷ್ಟೇ ಹೇಳಿ ಮೂಗು ಸೀಟಿಕೊಂಡಿರಿ.

ಆಪರೇಷನ್ ಸುಸೂತ್ರವಾಯಿತೆಂದು ಕೇಳಿ ಇಲ್ಲಿ ಎಲ್ಲರಿಗೂ ಕಾಫಿ ಕುಡಿಸಿದೆ. ದಿನಕ್ಕೆ ನೂರು ಮಂದಿ ವಿಮಾನ ಹತ್ತುವುದನ್ನು ನೋಡುತ್ತೇನೆ, ಅಷ್ಟು ಹೆದರಿ ಹತ್ತಿದವರನ್ನು ನೋಡಿಲ್ಲ. ಅಕ್ಕತಂಗಿಯರಿಬ್ಬರಿಗೂ ನೂರು ತುಂಬಲಿ, ಜಗಳಕ್ಕೆ ಇನ್ನೊಂದು ದೋಣಿ ಸಿಗದಿರಲಿ.

ಇನ್ನು 'ತಾವು' ಸಾಕು, ಅಜ್ಜಿ. ನಿನ್ನ ಜೊತೆ ಬರಲು ನನಗೆ ರಜೆ ಸಿಗಲಿಲ್ಲ ಎಂದದ್ದು ಸುಳ್ಳು. ಕೇಳುವ ಮೊದಲೇ ಕೊಟ್ಟಿದ್ದರು. ನಾನು ಇವತ್ತಿನವರೆಗೂ ವಿಮಾನ ಹತ್ತಿಲ್ಲ. ಹೆದರಿಕೆ. ಶನಿವಾರ ನಿನ್ನನ್ನು ಕರೆತರಲು ಬರುತ್ತೇನೆ, ಹಡಗಿನಲ್ಲಿ.

ನಿನ್ನ ಪುಕ್ಕಲ,
ಮಾಲ್ಟೆ