ಜೀಪನ್ನು ಹಿಂದೆ ಹಾಕಿದ ಬಸ್ಸು

ಸಿದ್ಧಕಟ್ಟೆ, ಬಂಟ್ವಾಳ
೯ ನವೆಂಬರ್ ೧೯೫೮

ಪ್ರೀತಿಯ ಮಗ ಲೋಕನಾಥನಿಗೆ,

ಹೇಗಿದ್ದೀ ಮಗಾ? ಬೊಂಬಾಯಿಯ ನೀರು ಹೊಟ್ಟೆಗೆ ಹಿಡಿಯಿತೇ? ಹೋಟೆಲಿನಲ್ಲಿ ಇರುವವನ ಹತ್ತಿರ ಊಟ ಆಯಿತೇ ಎಂದು ಕೇಳಿದರೆ ಜನ ನಗುತ್ತಾರೆ, ಆದರೂ ಕೇಳುತ್ತೇನೆ. ಊರಿಗೆಲ್ಲ ಬಡಿಸುವವರು ತಾವು ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತುಂಟು. ವಾರಕ್ಕೊಮ್ಮೆಯಾದರೂ ಎಣ್ಣೆ ಹಚ್ಚಿ ಬಿಸಿನೀರು ಸ್ನಾನ ಮಾಡು. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಕೂತು ಬೆನ್ನು ಬಗ್ಗಿಸಿಕೊಳ್ಳಬೇಡ, ಸ್ಟಿಯರಿಂಗಿನ ಮುಂದೆ ಎಷ್ಟು ನೆಟ್ಟಗೆ ಕೂರುತ್ತಿದ್ದವ ನೀನು. ಇಲ್ಲಿ ಎಲ್ಲರೂ ಕ್ಷೇಮ. ಮಳೆಗಾಲದ ಏಣೆಲು ಭತ್ತದ ಕೊಯ್ಲು ಮುಗಿದು ಅಂಗಳದ ತುಂಬಾ ಹುಲ್ಲು. ನಿನ್ನ ತಂಗಿ ಕಾಂತಿ, ನೀನು ಅವಳಿಗೆ ಬರೆದ ಕಾಗದವನ್ನು ನನಗೂ ತೋರಿಸಿದಳು. ಅಪ್ಪನಿಗೆ ನಮಸ್ಕಾರ, ತಂಗಿಗೆ ಪ್ರೀತಿ, ಎಮ್ಮೆಯ ಕರುವಿನ ಕ್ಷೇಮಸಮಾಚಾರದ ವಿಚಾರಣೆ ಕೂಡ ಅದರಲ್ಲಿ ಉಂಟು. ನನ್ನ ಹೆಸರು ಮಾತ್ರ ಇಲ್ಲ. ಸಿಟ್ಟು ಇನ್ನೂ ಇಳಿಯಲಿಲ್ಲ ಎಂದು ತಿಳಿಯಿತು. ಇನ್ನು ಊರಿಗೆ ಬರುವುದಿಲ್ಲ, ಬಸ್ಸಿನ ಸ್ಟಿಯರಿಂಗು ಮುಟ್ಟುವುದಿಲ್ಲ ಎಂದು ನೀನು ಬರೆದದ್ದನ್ನು ಓದಿದ ಮೇಲೆ ನನಗೆ ಅನ್ನ ಸೇರುವುದಿಲ್ಲ. ಅದನ್ನು ನಿನ್ನ ಹತ್ತಿರ ಅಡಗಿಸಿ ಏನು ಪ್ರಯೋಜನ.

ಕೋರ್ಟಿನಲ್ಲಿ ನೀನು ತಲೆ ತಗ್ಗಿಸಿ ನಿಂತಿದ್ದೆ, ಯಾರ ಮುಖವನ್ನೂ ನೋಡಲಿಲ್ಲ. ಹಾಗಾಗಿ ನಾನು ಕಂಡದ್ದನ್ನು ಬರೆಯುತ್ತೇನೆ. ಮೂಡುಬಿದಿರೆ ಪೇಟೆ ಹೊಗುವಲ್ಲಿ ಗಂಟೆಗೆ ಹದಿನೈದು ಮೈಲಿಗಿಂತ ವೇಗ ಹೋಗಬಾರದು ಎಂದು ಬೋರ್ಡು ಉಂಟು. ಸರಿಯಾಗಿ ಅಲ್ಲಿಯೇ ನೀನು, ಗಾಡಿಗಳ ತಪಾಸಣೆ ಮಾಡುವ ಬ್ರೇಕ್ ಇನ್ಸ್‌ಪೆಕ್ಟರರ ಜೀಪನ್ನು ಹಿಂದೆ ಹಾಕಿದೆ. ಹಿಂದೆ ಹಾಕಲಿಕ್ಕೆ ನಿನಗೆ ಬೇರೆ ಯಾರೂ ಸಿಗಲಿಲ್ಲವೇ ಮಾರಾಯ. ಆದರೂ ನಮ್ಮ ಕೇಶವಪ್ರಸಾದ ವಕೀಲರು ಕೇಸನ್ನು ಚೆಂದವಾಗಿ ಕಟ್ಟಿದ್ದರು. ಜೀಪು ತೆವಳುತ್ತಿತ್ತು, ತೆವಳುವ ಗಾಡಿಯನ್ನು ದಾಟಿದ ಮಾತ್ರಕ್ಕೆ ಬಸ್ಸು ವೇಗದಲ್ಲಿತ್ತು ಎನ್ನಲಿಕ್ಕೆ ಆಗುವುದಿಲ್ಲ ಎಂಬುದು ಅವರ ವಾದ. ಬಸ್ಸಿನಲ್ಲಿ ಇದ್ದವರೆಲ್ಲ ಅದಕ್ಕೆ ಸಾಕ್ಷಿ. ಸಂತೆಗೆ ಮೊಟ್ಟೆ ಒಯ್ಯುವ ಐಸಮ್ಮ, ಬುಟ್ಟಿಯಲ್ಲಿ ಒಂದು ಮೊಟ್ಟೆಯೂ ಒಡೆಯಲಿಲ್ಲ ಎಂದಳು. ಕಂಡಕ್ಟರ್ ಸುಲೈಮಾನನ ಮಾತು ಕೇಳಿದರೆ ಆ ದಿನ ಬಸ್ಸಿಗಿಂತ ನಡೆದು ಹೋದವರೇ ಮೊದಲು ಮುಟ್ಟಬೇಕಿತ್ತು. ಕೊನೆಗೆ, ಅದೇ ಬಸ್ಸಿನಲ್ಲಿದ್ದ ನನ್ನನ್ನು ಕರೆದರು. ವಕೀಲರು ನನಗೆ ಕಲಿಸಿದ್ದು ಒಂದೇ ಮಾತು: "ನೀಲಾವತಿಯಕ್ಕ, ಜೀಪು ನಿಧಾನ ಹೋಗ್ತಾ ಇತ್ತು ಅಂತ ಹೇಳಿ, ಮತ್ತೆ ಬಾಯಿ ತೆರೀಬೇಡಿ."

ನಾನು ಹೇಳಿದ್ದು ನಿನ್ನ ಕಿವಿಯಲ್ಲಿ ಈಗಲೂ ಇರಬಹುದು. "ಜೀಪು ನಿಧಾನ ಎಲ್ಲಿಂದ ಸ್ವಾಮೀ? ಅದು ಹಾರ್ತಾ ಇತ್ತು. ಹಾಗೆ ಹಾರುವ ಜೀಪನ್ನೇ ನನ್ನ ಮಗ ಹಿಂದೆ ಹಾಕಿದ. ಅವನನ್ನು ಹಿಂದೆ ಹಾಕುವವ ಈ ಸೀಮೆಯಲ್ಲೇ ಇಲ್ಲ." ಕೋರ್ಟಿಗೆ ಕೋರ್ಟೇ ನಕ್ಕಿತು. ಜವಾನ ಕೂಡ ಗೋಡೆಗೆ ಮುಖ ಮಾಡಿ ನಕ್ಕ. ಮ್ಯಾಜಿಸ್ಟ್ರೇಟರು ಕನ್ನಡಕದ ಮೇಲಿಂದ ಇನ್ಸ್‌ಪೆಕ್ಟರರನ್ನೂ ಒಮ್ಮೆ ನೋಡಿದರು, ಆದರೆ ಬರೇ ನೋಡಿದ್ದಕ್ಕೆ ದಂಡ ಇಲ್ಲವಲ್ಲ. ದಂಡ ಬಿದ್ದದ್ದು ನಿನಗೆ, ಮೂರು ತಿಂಗಳು ಲೈಸೆನ್ಸು ಹೋದದ್ದೂ ನಿನ್ನದೇ. ಆವತ್ತಿನಿಂದ ಊರಿನಲ್ಲಿ ನಾನು ಮಗನನ್ನು ಹೊಗಳಿ ಹೊಗಳಿ ಹೊಂಡಕ್ಕೆ ತಳ್ಳಿದ ಹೆಂಗಸು. ನಿನ್ನ ಅಪ್ಪನಂತೂ ಒಂದು ವಾರ ನನ್ನ ಹತ್ತಿರ ಮಾತನಾಡಲಿಲ್ಲ. ಉಪ್ಪು ಬೇಕಾದರೆ ಕಾಂತಿಯ ಮೂಲಕ ಕೇಳುತ್ತಿದ್ದರು. ಆಮೇಲೆ ಒಂದು ದಿನ ಕಾಂತಿ ಮನೆಯಲ್ಲಿ ಇರಲಿಲ್ಲ, ಸಾರು ಸಪ್ಪೆಯಾಗಿತ್ತು, ಹಾಗೆ ಮಾತು ಸುರುವಾಯಿತು.

ನಿನ್ನ ಕಾಗದದ ವಿಷಯಕ್ಕೆ ಬರುತ್ತೇನೆ. ಒಬ್ಬರಿಗೂ ಪೆಟ್ಟಾಗಲಿಲ್ಲ, ಒಂದು ಕೋಳಿ ಕೂಡ ಸಾಯಲಿಲ್ಲ, ಮತ್ತೆ ನಾನು ಮಾಡಿದ ತಪ್ಪು ಯಾವುದು ಎಂದು ಬರೆದಿದ್ದೀ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಕಾನೂನು ಓದಲಿಲ್ಲ. ಆದರೆ ಅಂಗಳದಲ್ಲಿ ಕಟ್ಟೆ ಇಲ್ಲದ ಬಾವಿ ಇಟ್ಟುಕೊಂಡವ, ಇಷ್ಟರವರೆಗೆ ಯಾರೂ ಬೀಳಲಿಲ್ಲವಲ್ಲ ಎಂದರೆ ನೀನು ಒಪ್ಪುತ್ತೀಯಾ? ಯಾರೂ ಬೀಳದ್ದು ದೇವರ ದಯೆ, ಕಟ್ಟೆ ಕಟ್ಟದ್ದು ಅವನ ತಪ್ಪು. ನಿನ್ನ ಕೈ ಒಳ್ಳೆಯದು, ಅದನ್ನು ಯಾರೂ ಇಲ್ಲವೆನ್ನುವುದಿಲ್ಲ. ಆದರೆ ದಾರಿಯಲ್ಲಿ ಬರುವ ಎತ್ತಿಗೆ, ತಲೆಯಲ್ಲಿ ಸೌದೆ ಹೊತ್ತ ಮುದುಕಿಗೆ, ಈಗ ಬರುತ್ತಿರುವುದು ಒಳ್ಳೆ ಕೈಯ ಲೋಕನಾಥ ಎಂದು ಹೇಗೆ ಗೊತ್ತಾಗಬೇಕು? ಅವರು ನಿನ್ನನ್ನು ನಂಬಿ ದಾರಿಗೆ ಇಳಿದವರಲ್ಲ, ಆ ಬೋರ್ಡನ್ನು ನಂಬಿ ಇಳಿದವರು. ಅದಕ್ಕೇ ನಿನಗೆ ಶಿಕ್ಷೆ ಆದದ್ದು ಅನ್ಯಾಯ ಎಂದು ನನಗೆ ಅನ್ನಿಸುವುದಿಲ್ಲ ಮಗಾ, ಬೇಜಾರು ಮಾಡಿಕೊಳ್ಳಬೇಡ.

ಆದರೆ ಬಸ್ಸಿನ ಧಣಿಗೆ ಯಾಕೆ ಶಿಕ್ಷೆ ಇಲ್ಲ ಎಂದು ಕೇಳಿದ್ದೀಯಲ್ಲ, ಅದು ನ್ಯಾಯದ ಮಾತು. ಬಸ್ಸಿಗೆ ಟೈಮು ಬರೆದವರು ಅವರು. ತಡವಾದರೆ ಧಣಿ ಸಂಬಳ ಕಡಿಯುತ್ತಾರೆ, ಬೇಗ ಆದರೆ ಸರಕಾರ ದಂಡ ಹಾಕುತ್ತದೆ, ಎರಡು ಕಡೆಗೂ ತಲೆ ಕೊಡುವವ ಡ್ರೈವರನೊಬ್ಬನೇ. ಇದನ್ನು ಯೋಚಿಸಿ ಯೋಚಿಸಿ ನನಗೆ ಸಿಟ್ಟು ನೆತ್ತಿಗೇರಿತು. ಐಸಮ್ಮನನ್ನೂ ದಿನಾ ಬಸ್ಸಿಗೆ ಬರುವ ಇನ್ನು ಕೆಲವು ಹೆಂಗಸರನ್ನೂ ಕರೆದುಕೊಂಡು ಬಂಟ್ವಾಳಕ್ಕೆ, ಧಣಿ ಪರಮೇಶ್ವರಯ್ಯನವರ ಮನೆಗೇ ಹೋದೆ. ಅವರು ಬೆಲ್ಲ ನೀರು ಕೊಟ್ಟು ಕೂರಿಸಿ ನಮ್ಮ ಮಾತೆಲ್ಲ ಕೇಳಿದರು. ಆಮೇಲೆ ಒಂದೇ ಮಾತು ಹೇಳಿದರು: "ಬಸ್ಸು ನಿಮ್ಮನ್ನು ಕಾದೇ ಅರ್ಧ ಹೊತ್ತು ಹೋಗ್ತದೆ. ಒಬ್ಬರದ್ದು ವೀಳ್ಯ ಆಗ್ಬೇಕು, ಒಬ್ಬರದ್ದು ಸೀರೆ ಉಟ್ಟು ಆಗ್ಬೇಕು. ಮತ್ತೆ ಡ್ರೈವರ ಓಡಿಸದೆ ಏನು ಮಾಡ್ತಾನೆ?"

ಅವರು ಹೇಳಿದ್ದು ಸುಳ್ಳಲ್ಲ. ನಮ್ಮ ಗೇಟಿನ ಎದುರು ನೀನು ಹಾರ್ನು ಹಾಕಿ ಕಾಯುವುದು ನನಗೆ ಎಷ್ಟು ದೊಡ್ಡಸ್ತಿಕೆಯಾಗಿತ್ತು ಎಂದು ನಿನಗೆ ಗೊತ್ತುಂಟು. ಒಳಗೆ ತಲೆ ಬಾಚುತ್ತಾ ಇನ್ನೂ ಸ್ವಲ್ಪ ಕಾಯಲಿ ಎಂದುಕೊಳ್ಳುತ್ತಿದ್ದೆ. ಅಂಥ ಮನೆ ದಾರಿಯುದ್ದಕ್ಕೂ ಉಂಟು. ಐಸಮ್ಮ ಸುಮ್ಮನಿರುವವಳಲ್ಲ. "ಸರಿ ಸ್ವಾಮಿ, ಇನ್ನು ನಾವು ಬಸ್ಸಿಗೆ ಕಾಯ್ತೇವೆ, ನೀವು ಟೈಮು ಜಾಸ್ತಿ ಕೊಡಿ" ಎಂದಳು. ಧಣಿ ಮೀಸೆ ನೀವುತ್ತಾ, ಆಚೆ ಕಂಪೆನಿಯ ಬಸ್ಸು ಮುಂದೆ ಹೋಗುತ್ತದಲ್ಲ ಎಂದು ರಾಗ ಎಳೆದರು. ಹೋಗಲಿ, ನಾವು ಅದಕ್ಕೆ ಹತ್ತುವುದಿಲ್ಲ ಎಂದೆವು. ಹಾಗೆ ಕಳೆದ ಸೋಮವಾರದಿಂದ ಹೊಸ ಟೈಮು, ಇಪ್ಪತ್ತು ನಿಮಿಷ ಹೆಚ್ಚು. ಈಗ ಬಸ್ಸು ನಿಲ್ಲುವ ಕಟ್ಟೆಯ ಹತ್ತಿರ ನಾವೆಲ್ಲ ಮೊದಲೇ ಬಂದು ನಿಲ್ಲುತ್ತೇವೆ. ನಿನ್ನ ಬದಲಿಗೆ ಬಂದ ಸುಧಾಕರ ಒಳ್ಳೆಯ ಹುಡುಗ, ಆದರೆ ಹಳ್ಳದ ಮೇಲೆ ಸಣ್ಣ ಸಂಕ ಕಂಡರೂ ಬಸ್ಸು ನಿಲ್ಲಿಸಿ ಕೈ ಮುಗಿದೇ ದಾಟುವವ. ಅವನ ಬಸ್ಸಿನಲ್ಲಿ ಹೋದರೆ ಇಳಿಯುವ ಮೊದಲು ಒಂದು ನಿದ್ದೆ ಆಗುತ್ತದೆ.

ಡಿಸೆಂಬರ್ ಮೊದಲ ವಾರ ನಿನ್ನ ಲೈಸೆನ್ಸು ಕೈಗೆ ಬರುತ್ತದೆ. ಆ ವಾರವೇ ನೀನು ಬಂದರೆ ಬಸ್ಸು ನಿನ್ನದು, ಬಾರದಿದ್ದರೆ ಸುಧಾಕರನಿಗೆ ಕಾಯಂ ಮಾಡುತ್ತೇನೆ ಎಂದು ಧಣಿ ಹೇಳಿದ್ದಾರೆ. ಬೊಂಬಾಯಿಯಲ್ಲಿ ದುಡ್ಡು ಉಂಟು, ಇಲ್ಲ ಎನ್ನುವುದಿಲ್ಲ. ಆದರೆ ಸಣ್ಣಂದಿನಲ್ಲಿ ತೆಂಗಿನ ಗರಿಯ ದಿಂಡನ್ನು ಸ್ಟಿಯರಿಂಗು ಮಾಡಿಕೊಂಡು ಅಂಗಳದಲ್ಲಿ ಓಡುತ್ತಿದ್ದವ ನೀನು, ಗಲ್ಲಾಪೆಟ್ಟಿಗೆಯ ಹಿಂದೆ ಎಷ್ಟು ವರ್ಷ ಕೂತೀಯೆ? ನನ್ನ ಮೇಲಿನ ಸಿಟ್ಟಿಗೆ ನಿನ್ನ ಇಷ್ಟದ ಕೆಲಸವನ್ನು ಬಿಡಬೇಡ. ಅಪ್ಪನೂ ಬಾ ಎಂದು ಬರೆಯಲಿಕ್ಕೆ ಹೇಳಿದ್ದಾರೆ, ಅವರೇ ಬರೆಯುವುದಿಲ್ಲ, ನಿನಗೆ ಗೊತ್ತುಂಟಲ್ಲ ಅವರ ಸ್ವಭಾವ. ಹೋಟೆಲಿನ ಎಲ್ಲರಿಗೂ ನಾನು ಕೇಳಿದೆ ಎಂದು ಹೇಳು. ಮನೆಯ ದೈವ ನಿನ್ನ ಬೆನ್ನಿಗಿದ್ದು ಕಾಯಲಿ.

ನಿನ್ನ ಅಮ್ಮ,
ನೀಲಾವತಿ

ತಾ.ಕ.: ಅಂಚೆಯವ ಅಂಗಳದಲ್ಲಿ ನಿಂತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ಕೋರ್ಟಿನಲ್ಲಿ ನನ್ನ ನಾಲಗೆ ಜಾರಿತು ಎಂದು ನೀವೆಲ್ಲ ತಿಳಿದಿದ್ದೀರಿ. ಜಾರಲಿಲ್ಲ. ಆ ದಿನ ಜೀಪನ್ನು ದಾಟಿದ ಮೇಲೆ ನೀನು ಕನ್ನಡಿಯಲ್ಲಿ ಅದನ್ನೇ ನೋಡಿ ನಗುತ್ತಿದ್ದೆ. ಎದುರಿಗೆ ಶಾಲೆಗೆ ಹೋಗುವ ಮಕ್ಕಳಿದ್ದರು, ಬಸ್ಸು ಕಂಡು ಚರಂಡಿಗೆ ಹಾರಿದರು. ನೀನು ನೋಡಲಿಲ್ಲ, ಎದುರಿನ ಸೀಟಿನಲ್ಲಿದ್ದ ನಾನು ನೋಡಿದೆ. ಅದನ್ನು ಹೇಳಿದ್ದರೆ ನಿನ್ನನ್ನು ಜೈಲಿಗೆ ಹಾಕುತ್ತಿದ್ದರೋ ಏನೋ, ಹೇಳಲಿಕ್ಕೆ ಹೆತ್ತ ಹೊಟ್ಟೆಗೆ ಆಗಲಿಲ್ಲ. ಸುಳ್ಳು ಹೇಳಿ ನಿನ್ನನ್ನು ಮತ್ತೆ ಆ ದಾರಿಗೆ ಬಿಡಲಿಕ್ಕೂ ಆಗಲಿಲ್ಲ. ಅದಕ್ಕೇ ಹೊಗಳಿದೆ. ಬಂದು ನನ್ನನ್ನು ಬೇಕಾದಷ್ಟು ಬೈ. ಮರುದಿನ ನಿನ್ನ ಬಸ್ಸಿನಲ್ಲಿ ಎದುರಿನ ಸೀಟಿಗೇ ಬರುತ್ತೇನೆ.