ಮೂಗಿಗೆ ಮುಲಾಮು

ಹಂದನಕೆರೆ,
ಭಾನುವಾರ

ಗಂಗಲಕ್ಷ್ಮಿ ಸಿಸ್ಟರ್ ಅವರಿಗೆ ಚೀಲದ ಭೀಮರಾಜು ಮಾಡುವ ನಮಸ್ಕಾರಗಳು.

ಬೆಳಿಗ್ಗೆ ಹೊಟ್ಟೆಯಿಂದ ಇಳಿದ ಡಯಾಲಿಸಿಸ್ ನೀರಿನ ಚೀಲವನ್ನು ನೀವು ಹೇಳಿಕೊಟ್ಟಂತೆ ಪೇಪರಿನ ಮೇಲಿಟ್ಟೆ. ತಿಪಟೂರಿನ ಕೊಬ್ಬರಿ ಧಾರಣೆಯನ್ನು ಚೀಲದೊಳಗಿಂದಲೇ ಓದಿದೆ. ನೀರು ಅಷ್ಟು ತಿಳಿ! ಸೋಂಕಾದಾಗಿನ ಮಬ್ಬು ಚೂರೂ ಇಲ್ಲ. ಆರು ತಿಂಗಳಿಂದ ಸೋಂಕಿಲ್ಲ. ಇನ್ನೊಮ್ಮೆ ಸೋಂಕಾದರೆ ಹೊಟ್ಟೆಯ ಟ್ಯೂಬ್ ತೆಗೆಯಬೇಕಾಗುತ್ತದೆ ಎಂದಿದ್ದ ಡಾಕ್ಟರಿಗೂ ಇದನ್ನು ತಿಳಿಸಿ.

ನೀವು ಮನೆಯವರೆಲ್ಲರ ಮೂಗಿಗೆ ಹತ್ತಿಕಡ್ಡಿ ಹಾಕಿ ಪರೀಕ್ಷೆ ಮಾಡಿಸಿದಾಗ ರೋಗಾಣು ಸಿಕ್ಕಿದ್ದು ನಮ್ಮವ್ವನ ಮೂಗಿನಲ್ಲಿ. ದಿನಕ್ಕೆ ನಾಲ್ಕು ಸಲ ಚೀಲ ಬದಲಿಸುವ ಮುಂಚೆಯೂ ಅವಳು ನನ್ನ ಹೊಟ್ಟೆಯ ದೃಷ್ಟಿ ತೆಗೆದು ಮೂರು ಸಲ ಥೂ ಎನ್ನುತ್ತಿದ್ದಳು. ಬೇಡವೆಂದಾಗ “ಹೆತ್ತವ್ವ ಉಗುದ್ರೆ ಕಾಯ್ಲೆ ಓಯ್ತದೆ ಕಣ್ಲಾ, ಬತ್ತದಾ?” ಎಂದು ವಾದಿಸಿದಳು. ನೀವು ಕೊಟ್ಟ ಮುಲಾಮನ್ನು ಮೂಗಿಗೆ ಹಚ್ಚಿಕೊಳ್ಳುವಂತೆ ಅವಳನ್ನು ಒಪ್ಪಿಸಲು ನಾನು ಪದ್ಯವನ್ನೇ ಕಟ್ಟಬೇಕಾಯಿತು:

ಮೂಗಿಗೆ ಮುಲಾಮು,
ಸೋಂಕಿಗೆ ಸಲಾಮು.

ಈಗ ಅವ್ವ ಮುಲಾಮು ಹಚ್ಚಿಕೊಂಡು, ಮಾಸ್ಕ್ ಹಾಕಿ, ಬಾಗಿಲಾಚೆ ನಿಂತು ಮಾಸ್ಕಿನೊಳಗೇ ಥೂ ಎನ್ನುತ್ತಾಳೆ. ಆಮೇಲೆ ಆ ಮಾಸ್ಕನ್ನು ಉಪ್ಪು, ಮೆಣಸಿನಕಾಯಿಯ ಜೊತೆ ಒಲೆಗೆ ಹಾಕಿ, “ಚಟಪಟ ಅಂತು ನೋಡ್ಲಾ, ಎಂಥಾ ದೃಷ್ಟಿ!” ಎಂದು ಹಿಗ್ಗುತ್ತಾಳೆ.

ಆದ್ದರಿಂದ ಮುಂದಿನ ಸಲ ಬರುವಾಗ ಒಂದು ಮುಲಾಮು, ಮೂರು ಡಬ್ಬಿ ಮಾಸ್ಕ್ ತನ್ನಿ. ದಿನಕ್ಕೆ ನಾಲ್ಕು ಸುಟ್ಟುಹೋಗುತ್ತಿವೆ.

ಇಂತಿ, ತಿಳಿನೀರಿನ ಖುಷಿಯಲ್ಲಿರುವ
ಭೀಮರಾಜು